ಕೊನೇ ತೂಬಿನ ಬಾಗಿನ

ಮೊನ್ನೆ ಹೊಸಪೇಟೆಯ ಮಾರ್ಕೆಟ್ಟಿನಿಂದ ಕಾಯಿಪಲ್ಲೆ ತೆಗೆದುಕೊಂಡು ಆಟೋದಲ್ಲಿ ಮನೆಗೆ ಬರುತ್ತಿದ್ದೆ. ಕಾಲುವೆಯ ಸೇತುವೆ ಹತ್ತಿದ ಕೂಡಲೇ ಆಟೋದವನು ನನ್ನನ್ನು ಕೇಳದೆ ಗಾಡಿ ನಿಲ್ಲಿಸಿದ. ಕೆಳಗಿಳಿದು, ಗೋಡೆಯ ಮೇಲೆ ಬಾಗಿ ನೋಡಿ, "ಕಾಲುವಿ ಬಂತ್ರಿ ಅಮ್ಮಾರ" ಎಂದ. ನಮ್ಮ ಕಡೆ ಕಾಲುವೆಗೆ ನೀರು ಬಂತು ಎನ್ನುವುದಿಲ್ಲ, ಕಾಲುವೆಯೇ ಬಂತು ಎನ್ನುತ್ತಾರೆ. ಬೇಸಿಗೆಯಿಡೀ ಅದು ತವರಿಗೆ ಹೋಗಿ ಈಗ ಮರಳಿತೇನೋ ಎಂಬ ಸಂಭ್ರಮ ಆ ಮಾತಿನಲ್ಲಿರುತ್ತದೆ.

ನಾನೂ ಇಳಿದು ನೋಡಿದೆ. ತಿಂಗಳುಗಟ್ಟಲೆ ಒಣಗಿ ಬಿರಿದ ಕೆಸರಿನ ಮೇಲೆ ಮೊದಲ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಅದು ಕವಿಗಳು ಹೊಗಳುವ ಮಳೆಯ ಮಣ್ಣಿನ ಪರಿಮಳವಲ್ಲ. ಅದರಲ್ಲಿ ಕೊಳೆತ ಎಲೆ ಇರುತ್ತದೆ, ಪಾಚಿ ಇರುತ್ತದೆ, ಎಲ್ಲೋ ಸತ್ತ ಮೀನೂ ಇರುತ್ತದೆ. ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ಅಪ್ಪನ ಅರ್ಧ ಗಡ್ಡದ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ಬಿಳಿ ಕೂಳೆ. ಅದೇ ಮುಖ ಹೊತ್ತು ಅವರು ಒಂದು ಹಗಲು, ಒಂದು ರಾತ್ರಿ ಒಣ ಕಾಲುವೆಯ ದಂಡೆಯ ಮೇಲೆ ಕುಳಿತಿದ್ದರು. ಆಗ ಅವರು ನಮ್ಮ ಕ್ಷೇತ್ರದ ಶಾಸಕರಾಗಿದ್ದರು.

ಅದು ಅರವತ್ತರ ದಶಕ ಮುಗಿದು ಎಪ್ಪತ್ತರದು ಶುರುವಾಗಿದ್ದ ಕಾಲ. ಕಂಪ್ಲಿಯಲ್ಲಿ ಮುಂದೆ ಅಕ್ಕಿ ಗಿರಣಿ, ಹಿಂದೆ ನಮ್ಮ ಮನೆ. ಡ್ಯಾಮು ಕಟ್ಟಿ ಕಾಲುವೆ ಬಂದಮೇಲೆ ಈ ಸೀಮೆಯ ಬಣ್ಣವೇ ಬೇರೆಯಾಗಿತ್ತು. ನಮ್ಮ ಅಜ್ಜ ಸಜ್ಜೆ, ಜೋಳ ಬೆಳೆದು ಮುಗಿಲು ನೋಡುತ್ತ ಬದುಕಿದವರು. ನಾವು ಎರಡು ಬೆಳೆ ಭತ್ತ ಕಂಡೆವು. ಎಮ್ಮಿಗನೂರಿನ ಕಡೆಯಿಂದ ಕಬ್ಬಿನ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಜನ ಮಣ್ಣಿನ ಮಾಳಿಗೆ ಕೆಡವಿ ಮನೆಗೆ ಹೆಂಚು ಹೊದೆಸಿದರು, ಸೈಕಲ್ಲು ಕೊಂಡರು, ರೇಡಿಯೋ ಕೊಂಡರು, ಸಿನೆಮಾ ನೋಡಲು ಹೊಸಪೇಟೆಗೆ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬರುವುದನ್ನು ಕಲಿತರು. ಸುಗ್ಗಿಯ ಹೊತ್ತಿಗೆ ಗಿರಣಿಯ ಸದ್ದು ಹಗಲೂ ರಾತ್ರಿ ಇರುತ್ತಿತ್ತು. ಅದು ನಿಂತರೆ ನಮಗೆಲ್ಲ ಎಚ್ಚರವಾಗುತ್ತಿತ್ತು. ಅಂಗಳದ ಮೂಲೆಯಲ್ಲಿ ಭತ್ತದ ಹೊಟ್ಟಿನ ಗುಡ್ಡೆ ಮಾಡಿನ ಮಟ್ಟಕ್ಕೆ ಏರಿರುತ್ತಿತ್ತು.

ಗಿರಣಿ, ಹೊಲ ಎರಡನ್ನೂ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪ. ಅವರ ಮನೆ ಕಾಲುವೆಯ ಮೇಲ್ಭಾಗದ ಊರಿನಲ್ಲಿ, ನಮ್ಮ ಹೊಲದ ಹತ್ತಿರವಿತ್ತು. ನನ್ನ ಅಪ್ಪ ವಿರುಪಣ್ಣನವರಿಗೆ ಚಿಕ್ಕಂದಿನಿಂದ ಊರ ಉಸಾಬರಿ. ಯಾರದೋ ಕೋರ್ಟು, ಯಾರದೋ ಆಸ್ಪತ್ರೆ, ಯಾರದೋ ಹುಡುಗನ ಹಾಸ್ಟೆಲ್ಲು. "ಹೆಂಗೂ ಮನಿಗೆ ಉಪಯೋಗಿಲ್ಲ, ಸರ್ಕಾರಕ್ಕರ ಆಗಲಿ" ಎಂದು ದೊಡ್ಡಪ್ಪನೇ ನಗುತ್ತ ತಮ್ಮನನ್ನು ಚುನಾವಣೆಗೆ ನಿಲ್ಲಿಸಿದ್ದರು. ಕಾಲುವೆಯ ಮೇಲ್ಭಾಗದ ಊರುಗಳಲ್ಲಿ ದೊಡ್ಡಪ್ಪನ ಮಾತು ನಡೆಯುತ್ತಿತ್ತು. ಅಪ್ಪ ಗೆದ್ದರು.

ಶಾಸಕರಾದ ಮೇಲೆ ಅಪ್ಪನ ದರ್ಬಾರು ನಡೆಯುತ್ತಿದ್ದುದು ಗಡ್ಡ ಮಾಡಿಸಿಕೊಳ್ಳುವ ಹೊತ್ತಿನಲ್ಲಿ. ಬೆಳಿಗ್ಗೆ ಪಡಸಾಲೆಯಲ್ಲಿ ಜನ ತುಂಬುವ ಸಮಯ ನೋಡಿಯೇ ಕ್ಷೌರದ ಈರಣ್ಣ ಬರುತ್ತಿದ್ದ. ಮುಖಕ್ಕೆ ನೊರೆ ಬಳಿದ ಮೇಲೆ ಶಾಸಕರು ಮಾತಾಡುವಂತಿಲ್ಲ. ಬಂದವರು ತಮ್ಮ ಗೋಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿಕೊಳ್ಳಬಹುದು, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ವಿರೋಧಿಗಳು ಇದನ್ನು ನುಣುಚಿಕೊಳ್ಳುವ ಉಪಾಯ ಎಂದು ಆಡಿಕೊಳ್ಳುತ್ತಿದ್ದರು. ಗಡ್ಡ ಮುಗಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡ ಮೇಲೆ ಅಪ್ಪನ ಬಾಯಿಂದ ಎರಡು ಮಾತುಗಳಲ್ಲಿ ಒಂದು ಬರುತ್ತಿತ್ತು. "ನೋಡೂಣಂತ" ಎಂದರೆ ಆ ಕೆಲಸ ಆಗುವುದಿಲ್ಲ. "ಜೀಪು ತಗೀರಿ" ಎಂದರೆ ಆದಂತೆಯೇ ಲೆಕ್ಕ. ಇಲ್ಲ ಎನ್ನುವ ಶಬ್ದ ಅವರಿಗೆ ಬರುತ್ತಲೇ ಇರಲಿಲ್ಲ. ಅದೇ ಅವರ ದೊಡ್ಡ ಗುಣ, ಅದೇ ಅವರ ದೊಡ್ಡ ದೋಷ ಎಂದು ಅವ್ವ ಹೇಳುತ್ತಿದ್ದಳು.

ಕೆಲಸ ಮಾತ್ರ ಮಾಡಿದರು. ಮಳೆಗಾಲದಲ್ಲಿ ಗಾಡಿ ಹೂತು ಹೋಗುತ್ತಿದ್ದ ಮೆಟ್ರಿ ಕಡೆಯ ದಾರಿಗೆ ಕಲ್ಲು ಬಿತ್ತು. ಹೆರಿಗೆ ಆಸ್ಪತ್ರೆಗೆ ನರ್ಸಮ್ಮ ಬಂದಳು. ಸಂಡೂರಿನ ಗಣಿಗಳಿಗೆ ಕೂಲಿಗೆ ಹೋಗುವವರಿಗೆ ನಸುಕಿನಲ್ಲೊಂದು ಬಸ್ಸಾಯಿತು. ಕಾಲುವೆಯ ತುತ್ತತುದಿಯಲ್ಲಿದ್ದ ಬೂದಿಹಾಳಿಗೂ ದಿನಕ್ಕೆರಡು ಸಲ ಬಸ್ಸು ಹೋಗಿ ಬರತೊಡಗಿತು. ಬೆಂಗಳೂರಿನಲ್ಲಿ ಅಧಿವೇಶನ ಶುರುವಾದರೆ ಅಪ್ಪ ಒಂದು ಚೀಲ ಅಕ್ಕಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದರು. ಶಾಸಕರ ಭವನದಲ್ಲಿ ಅವರ ಕೋಣೆಗೆ ಪಕ್ಷಭೇದವಿಲ್ಲದೆ ಎಲ್ಲರೂ ಊಟಕ್ಕೆ ಬರುತ್ತಿದ್ದರಂತೆ. ಸದನದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪತ್ರಿಕೆಯಲ್ಲಿ ಅವರ ಹೆಸರು ಹುಡುಕಿ ಹುಡುಕಿ ಬೇಸತ್ತ ಅವ್ವ ಒಮ್ಮೆ, "ಅಲ್ಲಿ ನಿಮ್ಮ ಮಾರಿಗೆ ಯಾರು ನೊರಿ ಹಚ್ಚಿರ್ತಾರ್ರಿ?" ಎಂದು ಕೇಳಿಯೇಬಿಟ್ಟಿದ್ದಳು.

ಇನ್ನು ಅವ್ವನ ವಿಷಯ. ಚುನಾವಣೆಯ ಪ್ರಚಾರಕ್ಕೆಂದು ಅವಳು ಬೂದಿಹಾಳಿಗೆ ಹೋಗಿದ್ದಾಗ ಅಲ್ಲಿಯ ಹೆಂಗಸರು ಸುತ್ತುವರಿದು ಕೂತು ಒಂದೇ ಮಾತು ಕೇಳಿದ್ದರು. ಕಾಲುವೆ ನಮ್ಮೂರ ತನಕ ಅಗೆದಿದ್ದಾರೆ, ತೂಬು ಕಟ್ಟಿದ್ದಾರೆ, ನೀರು ಯಾಕೆ ಬರುವುದಿಲ್ಲ? ತೂಬೆಂದರೆ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಲ್ಲಿನ ಕಂಡಿ. ಬೂದಿಹಾಳಿನ ತೂಬು ಆ ಕಾಲುವೆಯ ಕೊನೆಯ ತೂಬು. ಕಟ್ಟಿದಾಗಿನಿಂದ ಅದರಲ್ಲಿ ನೀರಾಡಿದ್ದು ಅಪರೂಪ. ಅವ್ವನಿಗೆ ರಾಜಕೀಯ ಗೊತ್ತಿರಲಿಲ್ಲ. ಮನಸ್ಸಿಗೆ ಬಂದದ್ದನ್ನು ಹೇಳಿ ಬಂದಳು: ಇನ್ನು ಮೇಲೆ ತನ್ನ ಬಾಗಿನ ಈ ಕೊನೇ ತೂಬಿಗೇ, ಬೇರೆಲ್ಲೂ ಬಿಡುವುದಿಲ್ಲ.

ಆ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಕಾಲುವೆ ಬದಿಯ ಮನೆಗಳ ಪದ್ಧತಿ ತಿಳಿದಿರಬೇಕು. ಕಾಲುವೆ ಬಂದ ಮೇಲೆ ಮನೆಯ ಮುತ್ತೈದೆ ಹೊಸ ಬಿದಿರಿನ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಬಳೆ, ಕುಪ್ಪಸದ ಖಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಗಂಗಮ್ಮನಿಗೆ ಬಿಡುತ್ತಾಳೆ. ಅದಾಗುವ ತನಕ ಹೊಲದಲ್ಲಿ ಭತ್ತದ ಸಸಿ ಮಡಿಗೆ ಕೈ ಹಚ್ಚುವುದಿಲ್ಲ. ತುಂಬಿದ ಮೊರವನ್ನು ಒಮ್ಮೆ ಎತ್ತಿದರೆ ನೆಲಕ್ಕಿಡುವಂತಿಲ್ಲ, ಮನೆಗೆ ವಾಪಸು ತರುವಂತಿಲ್ಲ. ಎತ್ತಿದ್ದು ನೀರಿಗೇ ಸೇರಬೇಕು. ವಾಪಸು ಬಂದರೆ ಮನೆಯ ಹೆಣ್ಣಿನ ಉಡಿಗೆ ಒಳ್ಳೆಯದಲ್ಲ ಎನ್ನುವ ಅಂಜಿಕೆ.

ಹೀಗಾಗಿ ನಾಲ್ಕು ವರ್ಷ ಅವ್ವ ಬಾಗಿನ ಬಿಡಲೇ ಇಲ್ಲ. ಮೇಲ್ಗಡೆ ದೊಡ್ಡವ್ವ, ಎಂದರೆ ದೊಡ್ಡಪ್ಪನ ಹೆಂಡತಿ, ನಮ್ಮ ಹೊಲದ ಹತ್ತಿರ ಮನೆತನದ ಬಾಗಿನ ಬಿಡುತ್ತಿದ್ದಳು. ಅವ್ವ ಏನಾದರೊಂದು ನೆವ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು. ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಯಾಕೆಂದರೆ ಬೂದಿಹಾಳಿನ ನೀರು ಎಲ್ಲಿ ಹೋಗುತ್ತದೆಂದು ಅವರಿಗೆ ತಿಳಿಯದ್ದೇನಲ್ಲ. ಕಾಲುವೆಯ ಮೇಲ್ಭಾಗದ ಹೊಲಗಳಿಗೆ ಸರ್ಕಾರ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾ. ಕಡಿಮೆ ನೀರಿನ ಬೆಳೆಗಳು. ಭತ್ತದ ರುಚಿ ಹತ್ತಿದ ಮೇಲೆ ಆ ಮಾತು ಕೇಳುವವರಾರು? ಕಾಲುವೆಯ ಏರಿಯೊಳಗೆ ಕಳ್ಳ ಪೈಪು ಹೂತು ಎಲ್ಲರೂ ಭತ್ತ ನಾಟಿದರು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪ ಪೈಪು ನಮ್ಮ ದೊಡ್ಡಪ್ಪನದು. ಆ ಭತ್ತದಿಂದಲೇ ನಮ್ಮ ಗಿರಣಿ ನಡೆಯುತ್ತಿತ್ತು, ಆ ಊರುಗಳ ಓಟಿನಿಂದಲೇ ಅಪ್ಪ ಗೆದ್ದಿದ್ದರು. ನಾವು ಉಣ್ಣುತ್ತಿದ್ದುದು ಬೂದಿಹಾಳಿನ ನೀರನ್ನು.

ಐದನೆಯ ವರ್ಷ ನಾನು ಬಳ್ಳಾರಿಯ ಹಾಸ್ಟೆಲಿನಿಂದ ಪಿಯುಸಿ ಮುಗಿಸಿ ಮನೆಗೆ ಬಂದಿದ್ದೆ. ಮುಂದೆ ಓದಿಸಬೇಕೋ ಮದುವೆ ಮಾಡಬೇಕೋ ಎನ್ನುವುದಿನ್ನೂ ತೀರ್ಮಾನವಾಗಿರಲಿಲ್ಲ. ಅಪ್ಪ ಅದಕ್ಕೂ "ನೋಡೂಣಂತ" ಎಂದಿದ್ದರು. ಮುಂದಿನ ಬೇಸಿಗೆಗೆ ಚುನಾವಣೆ. ಮುಂಗಾರು ಚೆನ್ನಾಗಿ ಹಿಡಿದು, ಡ್ಯಾಮು ತುಂಬುತ್ತಿದೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಒಂದು ಬೆಳಿಗ್ಗೆ ಬೂದಿಹಾಳಿನ ಹೆಂಗಸರು ಎತ್ತಿನ ಗಾಡಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅಪ್ಪನ ಮುಖಕ್ಕೆ ಆಗತಾನೇ ನೊರೆ ಬಿದ್ದಿತ್ತು. ಅವರು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅವರಲ್ಲೊಬ್ಬಳು, ಮೂವತ್ತರ ಆಸುಪಾಸಿನವಳು, ನೇರ ಒಳಗೆ ಬಂದು ಅವ್ವನ ಮುಂದೆ ಹೊಸದೊಂದು ಖಾಲಿ ಮೊರ ಇಟ್ಟಳು.

"ಮೊರ ನಾವು ತಂದೀವ್ರಿ ಅವ್ವಾರ. ತುಂಬೂದು ನಿಮಗ ಬಿಟ್ಟದ್ದು" ಎಂದಳು.

ಅವಳ ಹೆಸರು ಹನುಮವ್ವ. ಗಂಡ ತೀರಿಕೊಂಡಿದ್ದ, ಎರಡು ಸಣ್ಣ ಮಕ್ಕಳು. ಹಣೆ ಬರಿದಾಗಿದ್ದವಳು ಬಾಗಿನದ ಮೊರ ಮುಟ್ಟುವಂತಿಲ್ಲ. ಅವಳೇ ತಂದಳೆಂದರೆ ಊರು ಎಷ್ಟು ಬೇಸತ್ತಿರಬೇಕು. ಅವ್ವ ಅವರಿಗೆಲ್ಲ ಊಟ ಬಡಿಸಿ ಕಳಿಸಿದಳು. ಆ ಮೊರವನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದಳು. ಅಪ್ಪ ಊಟಕ್ಕೆ ಕೂತಾಗಲೆಲ್ಲ ಅದು ಎದುರಿಗೇ ಕಾಣುತ್ತಿತ್ತು. ಅವ್ವನ ಮಾತು ಉಳಿಯಬೇಕಾದರೆ ಮೇಲಿನ ಪೈಪು ಮುಚ್ಚಬೇಕು, ಪೈಪು ಮುಚ್ಚಿದರೆ ಅಪ್ಪನ ಕುರ್ಚಿ ಉಳಿಯುವುದಿಲ್ಲ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

ಕಾಲುವೆ ಬಂದ ಸುದ್ದಿ ಸಿಕ್ಕ ಮರುದಿನ ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅವ್ವ ತಲೆಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ದೇವರ ಮುಂದೆ ಮೊರ ತುಂಬುತ್ತಿದ್ದಳು. ಹೊರಗೆ ಪಡಸಾಲೆ ತುಂಬ ಜನ. ಈರಣ್ಣ ಅಪ್ಪನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕತ್ತಿ ಹಚ್ಚಲಿದ್ದ. ಅವ್ವ ಎರಡೂ ಕೈಯಲ್ಲಿ ಮೊರ ಎತ್ತಿಕೊಂಡು ಅಷ್ಟು ಜನರ ನಡುವೆ ನಡೆದು ಹೋಗಿ ಜೀಪಿನಲ್ಲಿ ಕುಳಿತಳು. ಅಪ್ಪ ಜೀಪಿನ ಕಡೆ ನೋಡಿದರು. ಅವ್ವ ಎದುರಿನ ರಸ್ತೆ ನೋಡುತ್ತಿದ್ದಳು. ಅಪ್ಪ ಈರಣ್ಣನ ಕೈ ಸರಿಸಿ, ಹೆಗಲ ಟವೆಲ್ಲಿನಿಂದ ನೊರೆ ಒರೆಸಿಕೊಂಡು ಎದ್ದರು.

"ಜೀಪು ತಗೀರಿ" ಎಂದರು.

ನಾನೂ ಓಡಿ ಹೋಗಿ ಹಿಂದೆ ಹತ್ತಿದೆ. ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಜೀಪು ಕುಲುಕಾಡುತ್ತ ಹೊರಟಿತು. ಮೊದಲಿಗೆ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಎರಡೂ ಬದಿಗೆ ನೀರು ನಿಂತ ಗದ್ದೆಗಳು, ಬೆಳ್ಳಕ್ಕಿಗಳು, ಹರಗುವ ಎತ್ತುಗಳು. ಕಣ್ಣಿಗೆ ಅದೆಷ್ಟು ಚೆಂದವಿತ್ತೆಂದರೆ ಅಲ್ಲಿ ಅನ್ಯಾಯ ನಡೆಯುತ್ತಿದೆ ಎಂದು ಯಾರೂ ಹೇಳಲಾರರು. ನಮ್ಮ ಹೊಲ ದಾಟಿದ ಮೇಲೆ ನೀರು ಮೊಣಕಾಲಿಗಿಳಿಯಿತು. ಇನ್ನೆರಡು ಊರು ದಾಟಿದ ಮೇಲೆ ಪಾದ ಮುಳುಗುವಷ್ಟು. ಬೂದಿಹಾಳಿನ ಸರಹದ್ದಿಗೆ ಬಂದಾಗ ಕಾಲುವೆಯೊಳಗೆ ಹುಡುಗರು ಗೋಲಿ ಆಡುತ್ತಿದ್ದರು.

ಕೊನೇ ತೂಬಿನ ಕಲ್ಲಿನ ಮೇಲೆ, ಜಾಲಿ ಮರದ ಅರೆನೆರಳಲ್ಲಿ ಅವ್ವ ಕುಳಿತಳು. ನೆಲಕ್ಕಿಡುವಂತಿಲ್ಲವಲ್ಲ, ಮೊರ ತೊಡೆಯ ಮೇಲೆ. ಊರಿನ ಹೆಂಗಸರೆಲ್ಲ ಬಂದು ಸುತ್ತ ಕುಳಿತರು. ಅಪ್ಪ ಜೀಪು ತಿರುಗಿಸಿಕೊಂಡು ಕಾಲುವೆ ಇಲಾಖೆಯ ಇಂಜಿನಿಯರನ್ನು ಕಾಣಲು ಹೋದರು. ಗೇಟು ಪೂರ್ತಿ ಎತ್ತಿದ್ದೇವೆ, ನಿಯಮದಂತೆ ಬಿಡಬೇಕಾದಷ್ಟು ಬಿಟ್ಟಿದ್ದೇವೆ ಎಂದನಂತೆ ಆ ಇಂಜಿನಿಯರು. ಮತ್ತೆ ನೀರೆಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ಅವನು ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸುತ್ತ ಕೂತನಂತೆ. ಆಮೇಲೆ ಮೆಲ್ಲಗೆ, ನೀವು ಒಂದು ಮಾತು ಹೇಳಿ ಸರ್, ಪೊಲೀಸರನ್ನು ಕರೆದುಕೊಂಡು ಹೋಗಿ ನಾಳೆಯೇ ಎಲ್ಲ ಪೈಪು ಕಿತ್ತು ಹಾಕುತ್ತೇನೆ, ಆದರೆ ಮೊದಲ ಪೈಪು ನಿಮ್ಮದು ಎಂದನಂತೆ. ಅಪ್ಪ ನೋಡೋಣ ಎಂದೂ ಹೇಳಲಾರದೆ ಎದ್ದು ಬಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರು ಬೂದಿಹಾಳಿಗೆ ಮರಳಿದಾಗ ಮುಖ ಬಾಡಿತ್ತು. ಅರ್ಧ ಗಡ್ಡ ನೋಡಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಅವ್ವನ ಹತ್ತಿರ ಬಂದು, ಅಷ್ಟು ಜನರೆದುರೇ, ತಗ್ಗಿದ ದನಿಯಲ್ಲಿ ಹೇಳಿದರು.

"ನೀರು ನಮ್ಮ ಹೊಲದಾಗ ಐತಿ."

"ನನಗ ಗೊತ್ತೈತ್ರಿ" ಎಂದಳು ಅವ್ವ. "ಅದಕ್ಕ ಕುಂತೀನಿ."

ನನ್ನ ಅಪ್ಪ ಸಿಟ್ಟಾಗಬಹುದೆಂದು ಹೆದರಿದ್ದೆ. ಅವರು ಸಿಟ್ಟಾಗಲಿಲ್ಲ. ಸಂಜೆಯಾಗುತ್ತ ಬಂತು, ಮನೆಗೆ ನಡಿ, ಇನ್ನೊಂದು ದಿನ ಬರೋಣ ಎಂದು ಒಮ್ಮೆ ಹೇಳಿ ನೋಡಿದರು. ಎತ್ತಿದ ಮೊರವನ್ನು ಎಲ್ಲಿ ಇಳಿಸಲಿ ಎಂದು ಅವ್ವ ಕೇಳಿದಳು. ಅಪ್ಪ ಚಪ್ಪಲಿ ಕಳಚಿಟ್ಟು, ಕಾಲುವೆಯ ಇನ್ನೊಂದು ದಂಡೆಗೆ ಹೋಗಿ ಗಂಡಸರ ನಡುವೆ ಕುಳಿತರು. ಶಾಸಕರು ಅಲ್ಲಿ ಏನಾದರೂ ಭಾಷಣ ಮಾಡುತ್ತಾರೆಂದು ಜನ ಕಾದರು. ಅವರು ಗಡ್ಡಕ್ಕೆ ಕೂತಾಗಿನ ಹಾಗೆಯೇ ಎಲ್ಲರ ಮಾತು ಕೇಳುತ್ತ ಕೂತರು.

ಅವ್ವನ ಕಾಲು ಜೋಮು ಹಿಡಿದಾಗ ಮೊರ ಬೇರೆಯವರ ತೊಡೆಗೆ ಹೋಯಿತು. ಒಬ್ಬರಾದ ಮೇಲೆ ಒಬ್ಬರು ಹಿಡಿದರು. ನಾನೂ ಹಿಡಿದೆ. ತೊಡೆಯ ಮೇಲೆ ಅದು ಏನೂ ಭಾರವೆನಿಸುವುದಿಲ್ಲ, ಅರ್ಧ ತಾಸಾದ ಮೇಲೆ ಗೊತ್ತಾಗುತ್ತದೆ. ನನ್ನಿಂದ ತೆಗೆದುಕೊಂಡು ಅವ್ವ ಅದನ್ನು ಹನುಮವ್ವನ ಕಡೆ ಚಾಚಿದಳು. ಹನುಮವ್ವ ಕೈ ಹಿಂದೆ ಎಳೆದುಕೊಂಡಳು. ಪಕ್ಕದ ಮುದುಕಿಯೊಬ್ಬಳು ಬ್ಯಾಡವ್ವ, ಗಂಡನಿಲ್ಲದಾಕಿ ಎಂದು ಗೊಣಗಿದಳು.

"ನೀರು ಕೇಳಿದಾಕಿ ಆಕಿ. ಆಕಿ ಹಿಡೀಲಾರದ್ದು ನನಗೂ ಬ್ಯಾಡ" ಎಂದಳು ಅವ್ವ.

ಹನುಮವ್ವ ಹಿಡಿದಳು. ಬಹಳ ಹೊತ್ತು ಹಿಡಿದಳು. ಅವಳ ಕಣ್ಣೀರು ಮೇಲಿನ ಮೊರದ ಮೇಲೆ ಬೀಳುತ್ತಿದ್ದುದನ್ನು ನಾನು ನೋಡಿದೆ. ನನಗೂ ತಡೆಯಲಾಗಲಿಲ್ಲ. ಆ ರಾತ್ರಿ ನಾವೆಲ್ಲ ಅಲ್ಲಿಯೇ ಉಳಿದೆವು. ಮನೆಮನೆಗಳಿಂದ ರೊಟ್ಟಿ, ಹಿಂಡಿಪಲ್ಲೆ ಬಂತು.

ಈ ಸುದ್ದಿ ಮೇಲಿನ ಊರುಗಳಿಗೆ ಹೋದದ್ದು ಅಪ್ಪ ತಂದ ಬಸ್ಸಿನಲ್ಲಿಯೇ. ಸಂಜೆಯ ಬಸ್ಸು ಬೂದಿಹಾಳಿನಿಂದ ಮರಳುವಾಗ ಕಂಡಕ್ಟರು ಪ್ರತಿ ಊರಿನಲ್ಲಿ ನಿಲ್ಲಿಸಿ ಹೇಳಿದ: ಎಮ್ಮೆಲ್ಲೆಯವರ ಮನೆಯವರು ತುಂಬಿದ ಮೊರ ಹಿಡಿದುಕೊಂಡು ಒಣ ಕಾಲುವೆಗೆ ಕೂತಿದ್ದಾರೆ. ಗಂಡಸರು ಕೇಳಿ ನಕ್ಕರಂತೆ, ಚುನಾವಣೆ ಹತ್ತಿರ ಬಂತು ಎಂದರಂತೆ. ಹೆಂಗಸರು ನಗಲಿಲ್ಲ. ಮುಂದಿನದನ್ನು ದೊಡ್ಡವ್ವನೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವಳದೂ ಮೊರ ತಯಾರಾಗಿತ್ತು. ಮರುದಿನ ಬೆಳಿಗ್ಗೆ ಹೊಲದಲ್ಲಿ ಬಾಗಿನ ಬಿಟ್ಟು ಸಸಿ ಮಡಿಗೆ ಬೀಜ ಹಾಕಬೇಕು, ಆಳುಗಳು ಬಂದು ನಿಂತಿದ್ದಾರೆ. ದೊಡ್ಡಪ್ಪ ಅವಸರ ಮಾಡಿದರು. ದೊಡ್ಡವ್ವ ಜಗುಲಿಯ ಮುಂದೆ ಕೂತವಳು ಏಳಲಿಲ್ಲ.

"ನನ್ನ ನೆಗೆಣ್ಣಿ ಮೊರ ಹಿಡ್ಕೊಂಡು ಕುಂತಿರೋವಾಗ ನಾ ಹೆಂಗ ಬಿಡ್ಲಿ? ಮೊದಲು ಆಕೀದು ಬಿಡಲಿ. ನಿಮ್ಮ ಪೈಪು ಮುಚ್ಚ್ರಿ" ಎಂದಳಂತೆ.

ದೊಡ್ಡಪ್ಪ ಬೈದರು, ಹೊರಗೆ ಹೋದರು, ಮತ್ತೆ ಒಳಗೆ ಬಂದರು. ಪಕ್ಕದ ಹೊಲದವರ ಮನೆಯಲ್ಲೂ ಅದೇ ಕತೆ, ಅದರಾಚೆಯ ಮನೆಯಲ್ಲೂ ಅದೇ. ಯಾವ ಹೆಂಗಸೂ ಮೊರ ಎತ್ತಲು ಒಪ್ಪಲಿಲ್ಲ. ಕೆಳಗೊಬ್ಬಳು ತುಂಬಿದ ಮೊರ ಹಿಡಿದು ಕೂತಿರುವಾಗ ಮೇಲೆ ಬಾಗಿನ ಬಿಟ್ಟರೆ ಆ ದೋಷ ತಮ್ಮ ಉಡಿಗೆ ತಟ್ಟೀತು ಎನ್ನುವ ಭಯವೋ, ಅಥವಾ ಹೆಣ್ಣಿಗೆ ಹೆಣ್ಣು ನಿಲ್ಲಬೇಕೆನ್ನುವ ಹಟವೋ, ಎರಡೂ ಸೇರಿತ್ತೋ ನನಗೆ ತಿಳಿಯದು. ಬಾಗಿನವಿಲ್ಲದೆ ಬೀಜ ಹಾಕಲು ಗಂಡಸರಿಗೆ ಧೈರ್ಯವಿಲ್ಲ. ಹೊತ್ತೇರುತ್ತಿತ್ತು, ಆಳುಗಳು ಬೀಡಿ ಸೇದುತ್ತ ಕೂತಿದ್ದರು. ಕೊನೆಗೆ ದೊಡ್ಡಪ್ಪ ಗಿರಣಿಗೆ ಆಳು ಕಳಿಸಿ ಹೊಟ್ಟಿನ ಚೀಲಗಳನ್ನು ತರಿಸಿದರು.

ಬೂದಿಹಾಳಿನಲ್ಲಿ ನಮಗೆ ಇದಾವುದೂ ಗೊತ್ತಿಲ್ಲ. ಬಿಸಿಲು ಚುರುಕಾಗಿತ್ತು. ಅವ್ವ ಮತ್ತೆ ಮೊರ ತೆಗೆದುಕೊಂಡು ತೂಬಿನ ಕಲ್ಲಿನ ಮೇಲೆ ಕೂತಿದ್ದಳು. ಮೊದಲು ಬಂದದ್ದು ವಾಸನೆ. ನಾಯಿಗಳು ಎದ್ದು ನಿಂತವು. ಗೋಲಿ ಆಡುತ್ತಿದ್ದ ಹುಡುಗರು ದಂಡೆಗೆ ಹಾರಿದರು. ಕಾಲುವೆಯ ತಿರುವಿನಲ್ಲಿ ಎಲೆ, ಕಸಕಡ್ಡಿ, ನೊರೆ ನೂಕಿಕೊಂಡು ಕೆಂಪು ನೀರಿನ ತೆಳ್ಳನೆಯ ನಾಲಗೆಯೊಂದು ಕಂಡಿತು. ಬಿರುಕುಗಳಲ್ಲಿ ಇಳಿದು ತುಂಬಿ, ಮತ್ತೆ ಮುಂದೆ ಬಂತು. ಎಲ್ಲರೂ ಎದ್ದು ನಿಂತರು. ಅವ್ವನಿಗೆ ಏಳಲಾಗಲಿಲ್ಲ. ಹನುಮವ್ವ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕಾಲುವೆಗಿಳಿಸಿದಳು. ನೀರು ಪಾದ ಮುಟ್ಟಿ, ಕಣಕಾಲು ಮುಟ್ಟಿ ಏರುವವರೆಗೆ ಕಾದು ಅವ್ವ ಮೊರ ಬಿಟ್ಟಳು. ಅದು ಒಮ್ಮೆ ತಿರುಗಿ ತೂಬಿನ ಕಡೆ ತೇಲಿತು.

ಆಗ ಅಪ್ಪ ನೀರಿಗಿಳಿದು ಬಾಗಿ ಬೊಗಸೆ ತುಂಬಿಕೊಂಡರು. ಕುಡಿಯುತ್ತಾರೆಂದು ನಾನು ಅಂದುಕೊಂಡೆ. ಅವರು ಬೊಗಸೆಯನ್ನೇ ನೋಡುತ್ತ ನಿಂತರು. ನೀರಿನ ಮೇಲೆಲ್ಲ ಹಳದಿ ಹೊಟ್ಟು ತೇಲುತ್ತಿತ್ತು. ಮೇಲೆ ಪೈಪಿನ ಬಾಯಿಗೆ ತುರುಕಿದ ಚೀಲಗಳಿಂದ ಸೋರಿದ ಹೊಟ್ಟು ಅಷ್ಟು ದೂರ ಹರಿದು ಬಂದಿತ್ತು.

"ನಮ್ಮ ಗಿರಣೀದು" ಎಂದರು ಅಪ್ಪ. "ಅಣ್ಣ ಮುಚ್ಯಾನ."

ಅಷ್ಟು ಹೇಳಿ ಅತ್ತರು. ನನ್ನ ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅರ್ಧ ಗಡ್ಡದ ಮುಖದಲ್ಲಿ ಕಣ್ಣೀರಿಳಿಯುವುದನ್ನು ನೋಡಿದರೆ ನಗು ಬರಬೇಕಿತ್ತು, ಒಬ್ಬರೂ ನಗಲಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ಅಪ್ಪ ಇನ್ನೊಂದು ಸಲ ಶಾಸಕರಾಗುತ್ತಿದ್ದರೇನೋ. ದೊಡ್ಡಪ್ಪ ಪೈಪು ಮುಚ್ಚಿದ್ದು ಬಾಗಿನದ ದಿನದ ಮಟ್ಟಿಗೆ. ಮೇಲಿನವರೆಲ್ಲರ ಲೆಕ್ಕವೂ ಅಷ್ಟೇ. ಆದರೆ ಮುಂದಿನ ಅಧಿವೇಶನದಲ್ಲಿ ಅಪ್ಪ ಎದ್ದು ನಿಂತು ಕಾಲುವೆಯ ತುದಿಯ ಊರುಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ಯಾರು ಯಾರ ನೀರು ಉಣ್ಣುತ್ತಿದ್ದಾರೆಂದು ಹೇಳುವಾಗ ತಮ್ಮ ಮನೆಯಿಂದಲೇ ಶುರುಮಾಡಿದರಂತೆ. ಪತ್ರಿಕೆಯಲ್ಲಿ ಅವರ ಹೆಸರು ಬಂತು. ಅವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, ಅಂತೂ ನೊರೆ ಒಣಗಿತು ಎಂದಳು. ಆಮೇಲೆ ಪಾಳಿಯ ಪದ್ಧತಿ ಬಂತು. ವಾರದಲ್ಲಿ ಕೆಲವು ದಿನ ಮೇಲಿನವರು ಮುಚ್ಚಿ ಕೆಳಗೆ ಬಿಡಬೇಕು. ಪೈಪುಗಳನ್ನು ಕಿತ್ತರು, ಮೊದಲು ನಮ್ಮದನ್ನು. ದೊಡ್ಡಪ್ಪ ಆ ದಿನ ಹೊಲಕ್ಕೆ ಹೋಗಲಿಲ್ಲ. ಚಳಿಗಾಲವಿಡೀ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಗಿರಣಿ ಒಪ್ಪೊತ್ತು ನಡೆಯತೊಡಗಿತು. ಸದ್ದಿಲ್ಲದ ಮನೆ ನಮಗೆ ಹೊಸದು.

ಚುನಾವಣೆಯಲ್ಲಿ ಅಪ್ಪ ಸೋತರು. ಬೂದಿಹಾಳಿನಲ್ಲಿ ಅವರಿಗೆ ಬೀಳದ ಓಟೇ ಇರಲಿಲ್ಲವೆಂದು ಹೇಳುತ್ತಾರೆ. ಆದರೆ ಬೂದಿಹಾಳು ಎಷ್ಟು ದೊಡ್ಡ ಊರು? ಮೇಲಿನ ಊರುಗಳು ಒಂದಾಗಿ ಕೈಕೊಟ್ಟವು. ಮರುದಿನ ಬೆಳಿಗ್ಗೆ ಪಡಸಾಲೆ ಖಾಲಿ. ಈರಣ್ಣ ಮಾತ್ರ ಹೊತ್ತಿಗೆ ಸರಿಯಾಗಿ ಬಂದ. ಅಪ್ಪ ಗಡ್ಡಕ್ಕೆ ಕೂತು, ಇನ್ನು ನೀನೇ ಮಾತಾಡೋ ಈರಣ್ಣ, ನಾನು ಕೇಳ್ತೀನಿ ಎಂದರು. ಆ ದಿನ ಅಪ್ಪನ ಗಲ್ಲಕ್ಕೊಂದು ಸಣ್ಣ ಗೀರು ಬಿತ್ತು. ನನಗೆ ಆ ಖಾಲಿ ಪಡಸಾಲೆಯ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ.

ಮುಂದಿನ ಮಳೆಗಾಲಕ್ಕೆ ಕಾಲುವೆ ಬಂದಾಗ ನಮ್ಮ ಅಂಗಳದಲ್ಲಿ ದೊಡ್ಡಪ್ಪನ ಗಾಡಿ ನಿಂತಿತು. ಒಳಗೆ ದೊಡ್ಡವ್ವ, ತೊಡೆಯ ಮೇಲೆ ಮೊರ. ದೊಡ್ಡಪ್ಪ ಅಪ್ಪನ ಮುಖ ನೋಡದೆ, ನಮ್ಮ ಹೆಂಗಸರಿಬ್ಬರೂ ಕೂಡಿ ಬೂದಿಹಾಳಿಗೆ ಹೋಗುತ್ತಾರಂತೆ, ನೀನೂ ಬಾ ಎಂದರು. ನನ್ನನ್ನು ಮುಂದೆ ಓದಿಸುವುದೆಂದು ತೀರ್ಮಾನವಾದದ್ದೂ ಆ ದಿನ ಗಾಡಿಯಲ್ಲಿಯೇ. ಅಪ್ಪ ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ. ಹತ್ತಿ, ಜೋಳ ಬೆಳೆದುಕೊಂಡು, ಜನರ ಕೋರ್ಟು ಆಸ್ಪತ್ರೆಗಳಿಗೆ ಓಡಾಡಿಕೊಂಡು ಇದ್ದರು. ಈಗ ಆ ನಾಲ್ವರಲ್ಲಿ ಯಾರೂ ಇಲ್ಲ.

ಆಟೋದವನು ನನ್ನನ್ನು ಮನೆಗೆ ಬಿಟ್ಟ ಮೇಲೂ ಮೂಗಿನಿಂದ ಆ ವಾಸನೆ ಹೋಗಲಿಲ್ಲ. ಮರುದಿನ ಬಸ್ಸು ಹತ್ತಿ ಬೂದಿಹಾಳಿಗೆ ಹೋದೆ. ಊರು ಗುರುತು ಸಿಗದಷ್ಟು ಬದಲಾಗಿದೆ. ಆರ್‌ಸಿಸಿ ಮನೆಗಳು, ಟ್ರ್ಯಾಕ್ಟರುಗಳು, ಟೀವಿಯ ಕಂಬಗಳು. ಕಾಲುವೆಯೂ ಈಗ ಅಲ್ಲಿಗೆ ಮುಗಿಯುವುದಿಲ್ಲ. ಅದನ್ನು ಗುಡ್ಡದ ಬುಡದ ತಾಂಡಾದವರೆಗೆ ಮುಂದುವರಿಸಿದ್ದಾರೆ. ಹಳೆಯ ತೂಬಿನ ಹತ್ತಿರ ಹೋದೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದೆ, ಪಕ್ಕದ ಗದ್ದೆಗಳು ಒಣಗಿ ಬಿದ್ದಿವೆ. ತೂಬಿನ ಬಾಯಿಗೆ ಹೊಟ್ಟಿನ ಚೀಲ ತುರುಕಿದೆ. ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಾಳೆ. ಎದುರಿಗೆ ಅವಳ ಮಗ ನಡುವಯಸ್ಸಿನವನು, ಒಗೆದ ಅಂಗಿ ತೊಟ್ಟು, ಗುದ್ದಲಿ ಹಿಡಿದು, ಅತ್ತಿಂದಿತ್ತ ಓಡಾಡುತ್ತಿದ್ದಾನೆ.

ಹನುಮವ್ವ ನನ್ನ ಗುರುತು ಹಿಡಿದಳು. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ನೀರು ಬಂದರೂ ತೂಬು ಯಾಕೆ ತೆಗೆದಿಲ್ಲ ಎಂದು ಕೇಳಿದೆ. ಅವಳು ಉತ್ತರ ಹೇಳುವ ಮೊದಲೇ ಮಗ, ಎಲ್ಲ ಇವಳದೇ ಕಾರಭಾರ, ನಿನ್ನೆಯಿಂದ ಊರಿನ ಯಾರಿಗೂ ತೆಗೆಯಲು ಬಿಟ್ಟಿಲ್ಲ ಎಂದು ನನ್ನ ಹತ್ತಿರ ದೂರು ಹೇಳಿದ.

"ಕೆಳಗ ತಾಂಡಾದಾಕಿ ಯಾರರ ಮೊರ ಹಿಡ್ಕೊಂಡು ಕುಂತಿರ್ತಾಳವ್ವ" ಎಂದಳು ಹನುಮವ್ವ. "ಆಕಿ ಬಿಟ್ಟ ಸುದ್ದಿ ಬರಲಿ. ವರ್ಷಾ ಹಿಂಗ ಮಾಡ್ತೀವಿ."

ಮಗ ಗುದ್ದಲಿ ನೆಲಕ್ಕೆ ಕುಕ್ಕಿ ಇನ್ನೆಷ್ಟು ಹೊತ್ತು ಎಂದು ಕೇಳಿದ. ಹನುಮವ್ವ ತಲೆಯೆತ್ತಿ ಅವನ ಮುಖವನ್ನು ಒಮ್ಮೆ ನೋಡಿದಳು.

"ಎಮ್ಮೆಲ್ಲೆ ಸಾಹೇಬ್ರು ಅರ್ಧ ಗಡ್ಡದಾಗ ಇಲ್ಲಿ ರಾತ್ರಿ ಕಳದಾರ. ನೀ ಪೂರಾ ಮಾಡಿಸ್ಕೊಂಡು ಬಂದೀ. ಕುಂದ್ರು."

ಅವನು ಗುದ್ದಲಿ ಬದಿಗಿಟ್ಟು ದಂಡೆಯ ಮೇಲೆ ಕುಳಿತ.